ಕೆಂಪು ಕಲೆಯ ಚಿತ್ರ: ಒಂದು ಆಪ್ತಸಲಹೆ ಪ್ರಕರಣ

ಏಟ್ರಿಯಲ್ ಫಿಬ್ರಿಲೇಷನ್‌ಗೆ (ಹೃದಯದ ಬಡಿತ ಲಯ ತಪ್ಪುವ ತೊಂದರೆ) ಅಬ್ಲೇಷನ್, ಅಂದರೆ ಹೃದಯದೊಳಗಿನ ಆಯ್ದ ಜಾಗವನ್ನು ಸಾಮಾನ್ಯವಾಗಿ ಶಾಖದಿಂದ ಸುಡುವ ಚಿಕಿತ್ಸೆ, ಮಾಡಿಸಿಕೊಂಡವರಲ್ಲಿ ಕೆಲವರು, ಹೃದಯದ ಲಯ ಸರಿಹೋದ ಮೇಲೂ ಊಟ ಮಾಡಲು ಹೆದರಿ ನನ್ನ ಬಳಿಗೆ ಬರುತ್ತಾರೆ. ಇದು ಮತ್ತೆ ಮತ್ತೆ ಎದುರಾಗುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ.

ಅವರು ನಿವೃತ್ತ ಶಿಕ್ಷಕರು. ಎಡ ಹೃತ್ಕರ್ಣದ (ಹೃದಯದ ಎಡ ಮೇಲ್ಕೋಣೆ) ಹಿಂಗೋಡೆಗೂ ಅನ್ನನಾಳಕ್ಕೂ ನಡುವೆ ಕೆಲವೇ ಮಿಲಿಮೀಟರ್ ಅಂತರವಿರುವುದರಿಂದ, ಹೃದಯಕ್ಕೆ ಕೊಟ್ಟ ಶಾಖ ಅನ್ನನಾಳಕ್ಕೂ ತಾಗುವುದುಂಟು. ಅದನ್ನು ನೋಡಲು, ಎರಡೂ ತುದಿಗಳಲ್ಲಿ ಕ್ಯಾಮೆರಾ ಇರುವ, ಸುಮಾರು 26 ಮಿ.ಮೀ. ಉದ್ದದ ಕ್ಯಾಪ್ಸೂಲನ್ನು ನೀರಿನೊಂದಿಗೆ ನುಂಗಿಸಿದ್ದರು. ಇದು ಎಲ್ಲ ಕಡೆ ಮಾಡುವ ಪರೀಕ್ಷೆಯಲ್ಲ. ಒಂದು ಕೆಂಪು ಕಲೆ ಕಂಡಿತು. ಇಂಥವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮಾಯುತ್ತವೆ ಎಂದು ವೈದ್ಯರು ಆಮ್ಲ ತಗ್ಗಿಸುವ ಮಾತ್ರೆ ಬರೆದು ಕಳುಹಿಸಿದರು. ಇವರು ಆ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು, ಮುದ್ದೆ ಬಿಟ್ಟು, ಅನ್ನವನ್ನೂ ಬಿಟ್ಟು, ತೆಳು ಗಂಜಿಗೆ ಬಂದಿದ್ದರು. ಇನ್ನೊಂದು ಕ್ಯಾಪ್ಸೂಲ್ ಮಾಡಿಸಿಕೊಡಬೇಕೆಂಬುದು ಅವರ ಕೋರಿಕೆಯಾಗಿತ್ತು.

ಅಂದು ಅವರ ಪತ್ನಿ, "ಮೇಡಂ, ಇವರು ಒಂದೊಂದು ಗುಟುಕಿಗೂ ನನ್ನ ಮುಖ ನೋಡ್ತಾರೆ. ನಾನು ತಲೆ ಆಡಿಸಿದ್ರೆ ಮಾತ್ರ ನುಂಗ್ತಾರೆ" ಎಂದರು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಡಾಕ್ಟರು ಇವಳಿಗೆ ಏನೋ ಹೇಳಿದ್ದಾರೆ, ನನಗೆ ಮುಚ್ಚಿಡ್ತಿದ್ದಾಳೆ ಅನ್ಸುತ್ತೆ" ಎಂದರು. ಮನೆಮಂದಿಯೆಲ್ಲ "ಏನಾಗಲ್ಲ, ಸುಮ್ನಿರಿ" ಎಂದಷ್ಟೂ ಅವರ ಅನುಮಾನ ಬಲಿಯುತ್ತಿದ್ದುದು ಆಗ ತಿಳಿಯಿತು.

ಆದ್ದರಿಂದ, ಹೃದ್ರೋಗ ತಜ್ಞರ ಒಪ್ಪಿಗೆ ಪಡೆದು, ಎಲ್ಲರೂ ಬಾಯಿಬಿಡದೆ ಇದ್ದ ಮಾತನ್ನು ಇಬ್ಬರ ಎದುರಿಗೇ ಹೇಳಿದೆ: ತೀರ ಅಪರೂಪವಾಗಿ ಆ ಗಾಯ ಆಳವಾಗಿ, ಅನ್ನನಾಳಕ್ಕೂ ಹೃತ್ಕರ್ಣಕ್ಕೂ ನಡುವೆ ರಂಧ್ರವಾಗುತ್ತದೆ, ತೆಳು ನಳಿಕೆಯ (ಕ್ಯಾತಿಟರ್) ಮೂಲಕ ಮಾಡುವ ಅಬ್ಲೇಷನ್ನಿನ ನಂತರ ಹೀಗಾದದ್ದು 2004ರಲ್ಲಿ ವರದಿಯಾದಂದಿನಿಂದ ವೈದ್ಯರು ಇದನ್ನು ಗಮನಿಸುತ್ತಿದ್ದಾರೆ, ಆಗುವುದಿದ್ದರೆ ಬಹುಮಟ್ಟಿಗೆ ಮೊದಲ ಎರಡು ತಿಂಗಳೊಳಗೆ ಆಗುತ್ತದೆ. ಹೆದರಿದವರಿಗೆ ಇದನ್ನೇಕೆ ಹೇಳಿದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಹೆಸರಿಲ್ಲದ ಭಯಕ್ಕೆ ಎಲ್ಲೆ ಇರುವುದಿಲ್ಲ. ಹೆಸರು, ಲಕ್ಷಣ, ಅವಧಿ ತಿಳಿದರೆ ಕಾಯುವುದಾದರೂ ಸಾಧ್ಯ.

ಮರುಪರೀಕ್ಷೆಯ ಕೋರಿಕೆಗೆ ನಾನು ದನಿಗೂಡಿಸಲಿಲ್ಲ. ಕ್ಯಾಪ್ಸೂಲ್ ತೋರಿಸುವುದು ಆ ದಿನದ ಒಳಪದರವನ್ನು ಮಾತ್ರ. ಗೋಡೆಯ ಆಳವಾಗಲಿ, ಮುಂದಿನ ವಾರವಾಗಲಿ ಅದರಲ್ಲಿ ಕಾಣದು. ಇದೇ ಕಾರಣಕ್ಕೆ, ಚಿತ್ರ ಚೊಕ್ಕಟವಾಗಿ ಬಂದವರೂ ಮೈಮರೆಯುವಂತಿಲ್ಲ.

ಬದಲಿಗೆ ಒಂದು ಚೀಟಿ ಬರೆದುಕೊಟ್ಟು, ಎರಡು ತಿಂಗಳು ಜೇಬಿನಲ್ಲಿರಲಿ ಎಂದೆ. ಜ್ವರ, ನುಂಗುವಾಗ ನೋವು, ಎದೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು, ರಕ್ತವಾಂತಿ, ಇವುಗಳಲ್ಲಿ ಒಂದು ಕಂಡರೂ ಸಾಮಾನ್ಯ ಜ್ವರವೆಂದು ಮಾತ್ರೆ ನುಂಗಿ ಮಲಗದೆ ಅಬ್ಲೇಷನ್ ಮಾಡಿದ ಆಸ್ಪತ್ರೆಗೆ ಹೊರಡಬೇಕು. ಬೇರೆಡೆ ಹೋಗಬೇಕಾಗಿ ಬಂದರೆ "ಅಬ್ಲೇಷನ್ ಆಗಿದೆ" ಎಂಬುದನ್ನೇ ಮೊದಲು ಹೇಳಬೇಕು. ರಂಧ್ರದ ಶಂಕೆಯಿದ್ದಾಗ, ಬಾಯಿಯಿಂದ ಕ್ಯಾಮೆರಾ ನಳಿಕೆ ಇಳಿಸಿ ನೋಡುವ ಎಂಡೋಸ್ಕೋಪಿಯಲ್ಲಿ ತುಂಬುವ ಗಾಳಿ ಹೃದಯಕ್ಕೆ ನುಗ್ಗಿ ಮಿದುಳಿಗೆ ಹೋಗಬಹುದಾದ್ದರಿಂದ, ಮೊದಲು ಎದೆಯ ಸಿ.ಟಿ. ಆಗಬೇಕೆಂಬ ಸಾಲನ್ನು ತಜ್ಞರೇ ಚೀಟಿಯಲ್ಲಿ ಸೇರಿಸಿದರು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಹೆದರಿ ತಾವಾಗಿಯೇ ನಿಲ್ಲಿಸಬಾರದೆಂದೂ ಬರೆದೆವು.

ಊಟಕ್ಕೆ, ವೈದ್ಯರು ಹೇಳಿದಂತೆ, ಮೆತ್ತಗೆ ಕಲಸಿದ ಮೊಸರನ್ನದಿಂದ ಆರಂಭ. ಪತ್ನಿಗೆ ಹೇಳಿದ್ದು ಇಷ್ಟೇ: ಅವರ ಎದುರಿಗೆ ಕೂರಬೇಡಿ, ಪಕ್ಕದಲ್ಲಿ ಕೂತು ನೀವೂ ಊಟ ಮಾಡಿ.