ಮಂಡಿ ನೋವಿಗೆ ಆರ್ತ್ರೋಸ್ಕೋಪಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿ ಮಾಡುವ ಆಪರೇಷನ್, ಮಾಡಿಸಿದರೆ ಸರಿಹೋಗುತ್ತಾ?

ಮಂಡಿ ಸಡಿಲವಾಗಿ ಕೈಕೊಡುತ್ತಿದ್ದರೆ ಬಹಳ ಸಲ ಹೌದು, ವಯಸ್ಸಿನ ಸವೆತಕ್ಕೆ ಮಾತ್ರ ಜಾಸ್ತಿ ಪ್ರಯೋಜನವಿಲ್ಲ.

ಟರ್ಫ್‌ನಲ್ಲಿ ಫುಟ್‌ಬಾಲ್ ಆಡುವಾಗ ಕಾಲು ತಿರುಚಿ, ಆಮೇಲೆ ಬಿಎಂಟಿಸಿ ಬಸ್ಸಿಂದ ಇಳಿಯುವಾಗಲೆಲ್ಲ ಮಂಡಿ ಜಾರಿದಂತಾದರೆ, ಮೂಳೆಗಳನ್ನು ಹಗ್ಗದಂತೆ ಹಿಡಿದಿಡುವ ಎಸಿಎಲ್ ಲಿಗಮೆಂಟ್ ಹರಿದಿರಬಹುದು. ಪೂರ್ತಿ ಹರಿದದ್ದು ಸಾಮಾನ್ಯವಾಗಿ ತಾನಾಗಿ ಕೂಡುವುದಿಲ್ಲ. ಅದಕ್ಕೇ ಆರ್ತ್ರೋಸ್ಕೋಪಿ ಮಾಡಿ, ಹೆಚ್ಚಾಗಿ ತೊಡೆಯ ಹಿಂಭಾಗದ ಸ್ನಾಯುವಿನ ನಾರನ್ನೇ ತೆಗೆದು ಆ ಜಾಗಕ್ಕೆ ಕೂರಿಸುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಫಿಸಿಯೋ, ಅದನ್ನು ತಪ್ಪಿಸುವ ಹಾಗಿಲ್ಲ.

ಸವೆದ ಕಾರ್ಟಿಲೇಜ್, ಅಂದರೆ ಮೂಳೆ ತುದಿಯ ನುಣುಪು ಹೊದಿಕೆ, ಆರ್ತ್ರೋಸ್ಕೋಪಿಯಲ್ಲಿ ತೊಳೆದು ಕೆರೆದರೆ ಮತ್ತೆ ಬೆಳೆಯುವುದಿಲ್ಲ ಅಲ್ವಾ? 2002ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಇಂಥ ಸವೆತದವರಿಗೆ ಸುಮ್ನೆ ಚರ್ಮ ಕೊಯ್ದು ಬಿಟ್ಟಾಗಲೂ ನಿಜವಾದ ಆಪರೇಷನ್‌ನಷ್ಟೇ ಆರಾಮ ಸಿಕ್ಕಿತ್ತು.