ತಲೆಗಿಂತ ಮೊದಲು ಕೈ ಪಳಗಲಿ

‘ನನಗೆ 44 ವರ್ಷ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಡಿಸಿದರು. ಮಗಳು ಈಗ ಡಿಗ್ರಿ ಓದ್ತಿದಾಳೆ. ನಾನೂ ಎಸ್ಸೆಸ್ಸೆಲ್ಸಿ ಕಟ್ಟೋಣ ಅಂದ್ರೆ, ಈ ವಯಸ್ಸಲ್ಲಿ ತಲೆಗೆ ಹತ್ತುತ್ತಾ ಅಂತ ಮನೆಯವರು ನಗ್ತಾರೆ. ನೇರವಾಗಿ ಮುಕ್ತ ವಿವಿಯಲ್ಲಿ ಡಿಗ್ರಿಗೇ ಸೇರಬಹುದು ಅಂತಾರಲ್ಲ, ನಿಜವಾ?’
– ಮದ್ದೂರು ಕಡೆಯ ಓದುಗರೊಬ್ಬರು

ನಮಸ್ಕಾರ ತಾಯಿ.

ಡಿಗ್ರಿ ವಿಷಯ ಮೊದಲು ಮುಗಿಸಿಬಿಡ್ತೀನಿ. ನೀವು ಕೇಳಿದ್ದು ಹಳೇ ಸುದ್ದಿ. ಹಿಂದೆ ಮುಕ್ತ ವಿಶ್ವವಿದ್ಯಾನಿಲಯಗಳು ಹಾಗೆ ಸೇರಿಸಿಕೊಳ್ಳುತ್ತಿದ್ದದ್ದು ಉಂಟು. ಈಗ ಡಿಗ್ರಿಗೆ ಪಿಯುಸಿ ಅಥವಾ ಅದಕ್ಕೆ ಸಮನಾದದ್ದು ಬೇಕೇ ಬೇಕು. ‘ನಾವು ಮಾಡಿಸಿಕೊಡ್ತೀವಿ’ ಅಂತ ದುಡ್ಡು ಕೇಳುವವರು ಬಂದರೆ ಬಾಗಿಲಲ್ಲೇ ಕಳಿಸಿ.

ಎಸ್ಸೆಸ್ಸೆಲ್ಸಿಯನ್ನು 15 ತುಂಬಿದ ಯಾರಾದರೂ ಖಾಸಗಿಯಾಗಿ ಕಟ್ಟಬಹುದು. ಇಷ್ಟೇ ವಯಸ್ಸಿನೊಳಗೆ ಅಂತ ಏನೂ ಇಲ್ಲ. ಊರಿನ ಹೈಸ್ಕೂಲಿನಲ್ಲೇ ವಿಚಾರಿಸಿ, ಆದರೆ ಬೇಗ. ಅರ್ಜಿ ಹಾಕುವ ದಿನ ಪರೀಕ್ಷೆಗೆ ತಿಂಗಳುಗಟ್ಟಲೆ ಮುಂಚೆಯೇ ಮುಗಿದಿರುತ್ತೆ. ಇನ್ನೊಂದು ದಾರಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯದು, ಎನ್‌ಐಒಎಸ್ ಅಂತಾರೆ. 5 ವಿಷಯ ಪಾಸಾಗಬೇಕು. ಅದಕ್ಕೆ 5 ವರ್ಷ ಸಮಯ, 9 ಅವಕಾಶ. ಒಂದೊಂದೇ ವಿಷಯ ಮುಗಿಸುತ್ತಾ ಹೋಗಬಹುದು. ಪತ್ರದಲ್ಲಿ ಬರೆದಿರುವ ಹಾಗೆ ಎರಡು ಹಸು ಕಟ್ಟಿಕೊಂಡು, ಹೊತ್ತಿಗೆ ಸರಿಯಾಗಿ ಡೇರಿಗೆ ಹಾಲು ಹಾಕುವ ನಿಮಗೆ ಇದು ಹಗುರ ಅನ್ನಿಸಬಹುದು. ಪುಸ್ತಕ, ಪ್ರಶ್ನೆಪತ್ರಿಕೆ ಯಾವ ಭಾಷೆಯಲ್ಲಿ ಅಂತ ಮಾತ್ರ ಸೇರುವ ಮುಂಚೆಯೇ ಕೇಳಿಕೊಳ್ಳಿ.

ತಲೆಗೆ ಹತ್ತುತ್ತಾ? ಫ್ಯಾಟು, ಲೀಟರು, ಡೇರಿಯ ಬಟವಾಡೆ ಎಲ್ಲಾ ಬಾಯಲ್ಲೇ ಲೆಕ್ಕ ಹಾಕುವವರಿಗೆ ಶೇಕಡಾ ಲೆಕ್ಕ ಯಾವ ದೊಡ್ಡದು! ಬೀಜಗಣಿತ ಕಾಡುತ್ತೆ, ನಿಜ. ಅದು ಹದಿನಾರರ ಹುಡುಗರನ್ನೂ ಬಿಟ್ಟಿಲ್ಲ.

ನನಗೆ ಕೈಕೊಟ್ಟದ್ದು ತಲೆಯಲ್ಲ, ಕೈಯೇ. 49ನೇ ವಯಸ್ಸಿನಲ್ಲಿ ದೂರಶಿಕ್ಷಣದಲ್ಲಿ ಎಂಎ ಕಟ್ಟಿದೆ. ಬರೆಯೋದೇ ನನ್ನ ಕಸುಬು, ಆದರೆ ಎಷ್ಟೋ ವರ್ಷದಿಂದ ಎಲ್ಲಾ ಕೀಬೋರ್ಡಿನಲ್ಲೇ. ಮೊದಲ ಪೇಪರಿನ ದಿನ ಒಂದು ಗಂಟೆ ಆಗುವಷ್ಟರಲ್ಲಿ ಹೆಬ್ಬೆರಳು ಜೋಮು ಹಿಡಿಯಿತು. ಪೆನ್ನು ಕೆಳಗಿಟ್ಟು ಬೆರಳು ನೀವಿಕೊಳ್ಳುತ್ತಾ ಕೂತೆ. ಮಗಳ ವಯಸ್ಸಿನ ಮೇಲ್ವಿಚಾರಕಿ ಹತ್ತಿರ ಬಂದು ‘ಸರ್, ನೀರು ಬೇಕಾ?’ ಅಂದರು. ಕೊನೆಯ ಎರಡು ಪ್ರಶ್ನೆಗೆ ಉತ್ತರ ಗೊತ್ತಿತ್ತು. ಬರೆಯಲಾಗದೆ ಎದ್ದು ಬಂದೆ.

ನಿಮ್ಮ ಪತ್ರದಲ್ಲೂ ಅದೇ ಕಂಡಿತು. ಮೊದಲ ಪುಟ ಮುತ್ತು ಪೋಣಿಸಿದ ಹಾಗಿದೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಸಾಲು ಕೆಳಗೆ ಜಾರಿದೆ, ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದಿವೆ. ದಿನಾ ಅರ್ಧ ಗಂಟೆ ಬರೆಯಿರಿ. ಹತ್ತನೇ ಕ್ಲಾಸಿನ ಸರ್ಕಾರಿ ಪುಸ್ತಕಗಳು ನೆಟ್‌ನಲ್ಲಿ ಸುಮ್ನೆ ಸಿಗುತ್ತವೆ, ಮಗಳಿಗೆ ಹೇಳಿ ಮೊಬೈಲಿಗೆ ಇಳಿಸಿಕೊಳ್ಳಿ. ನೋಡಿಕೊಂಡು ಬರೆದರೂ ಆಯಿತು.

ಇನ್ನು ನಗುವವರು. ನಮ್ಮ ಸೀಮೆಯಲ್ಲಿ ದೊಡ್ಡವರ ಓದು ಹೊಸದೇನಲ್ಲ, ಅಲ್ವಾ? ಮೈಸೂರು ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು 1930ರ ದಶಕದಲ್ಲೇ ಊರೂರಿಗೆ ಹೋಗಿ ಪ್ರಚಾರೋಪನ್ಯಾಸ, ಅಂದರೆ ಜನಸಾಮಾನ್ಯರಿಗೆ ತಿಳಿಯುವ ಭಾಷಣ, ಮಾಡುತ್ತಿದ್ದರು. ಆ ಭಾಷಣಗಳು ಪುಟ್ಟ ಪುಸ್ತಕಗಳಾಗಿಯೂ ಬಂದವು (ಹಳೇ ಪುಸ್ತಕದಂಗಡಿಯಲ್ಲಿ ಕಂಡರೆ ನಾನು ಈಗಲೂ ಬಿಡೋದಿಲ್ಲ). 1969ರಲ್ಲಿ ಅದೇ ವಿಶ್ವವಿದ್ಯಾನಿಲಯದಲ್ಲಿ ಅಂಚೆ ತೆರಪಿನ ಶಿಕ್ಷಣ, ಅಂದರೆ ಮನೆಯಲ್ಲೇ ಕೂತು ಅಂಚೆಯಲ್ಲಿ ಬರುವ ಪಾಠ ಓದೋದು, ಶುರುವಾಯಿತು. ಅದೇ ಬೆಳೆದು 1996ರಲ್ಲಿ ಮೈಸೂರಿನ ಮುಕ್ತಗಂಗೋತ್ರಿ ಆವರಣದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯಿತು. ನಾನು ಎಂಎ ಓದುವಾಗ, ದೂರಶಿಕ್ಷಣದವರಿಗೆ ಆಗಾಗ ನಡೆಸುವ ಸಂಪರ್ಕ ತರಗತಿಯಲ್ಲಿ ನನ್ನ ಬೆಂಚಿನಲ್ಲಿ ಒಬ್ಬ ಪೊಲೀಸ್ ಪೇದೆ, ಒಬ್ಬರು ಅಂಗನವಾಡಿ ಟೀಚರ್ ಇದ್ದರು. ಪೇದೆ ರಾತ್ರಿ ಡ್ಯೂಟಿ ಮುಗಿಸಿ ಬಂದು ಕೂತಲ್ಲೇ ತೂಕಡಿಸುತ್ತಿದ್ದ. ಆ ಟೀಚರ್ ನೋಟ್ಸನ್ನು ನಾವಿಬ್ಬರೂ ಜೆರಾಕ್ಸ್ ಮಾಡಿಸಿಕೊಂಡೇ ಪಾಸಾದದ್ದು.

ಆರು ತಿಂಗಳು ಬಿಟ್ಟು ಇನ್ನೊಂದು ಪತ್ರ ಹಾಕಿ. ಆರು ಪುಟ ಇರಲಿ. ಪೂರ್ತಿ ಬೀಜಗಣಿತವನ್ನು ಬೈದೇ ಬರೆದರೂ ಪರವಾಗಿಲ್ಲ. ನಾನು ಮೊದಲು ನೋಡೋದು ಕೊನೆಯ ಪುಟದ ಅಕ್ಷರ.

– ಸಂಪಾದಕ