ನಾಲ್ಕನೇ ಸೆಮಿಸ್ಟರಿಗೆ ನಿಂತ ಓದು: ಒಂದು ಆಪ್ತಸಲಹೆ ಪ್ರಕರಣ

ಗುರುತು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಕರಾವಳಿಯ ಇಪ್ಪತ್ತೆರಡು ವರ್ಷದ ಯುವತಿಯೊಬ್ಬರು 2025ರ ಆರಂಭದಲ್ಲಿ ನನ್ನ ಬಳಿಗೆ ಬಂದದ್ದು ರಾತ್ರಿ ನಿದ್ರೆ ಬರುತ್ತಿಲ್ಲ ಎಂದು ಹೇಳಿಕೊಳ್ಳಲು. 2021ರಲ್ಲಿ ಬಿ.ಎ. ಸೇರಿ ನಾಲ್ಕು ಸೆಮಿಸ್ಟರ್‌ಗಳನ್ನು ಪಾಸು ಮಾಡಿದ್ದರು. ಅಷ್ಟರಲ್ಲಿ ತಂದೆಗೆ ಲಕ್ವ ಹೊಡೆಯಿತು. ಮನೆ ನಡೆಸಲು ಓದು ಬಿಟ್ಟು, ಕೊಲ್ಲಿ ದೇಶಗಳಿಗೆ ಹೊರಟವರ ವೀಸಾ ಕಾಗದಗಳನ್ನು ನೋಡಿಕೊಳ್ಳುವ ಟ್ರಾವೆಲ್ಸ್ ಕಚೇರಿಯೊಂದಕ್ಕೆ ಸೇರಿದರು. ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ. ಮಾಡುವ ಆಸೆ ಮಾತ್ರ ಉಳಿದೇ ಇತ್ತು.

ಆ ಆಸೆಯ ಬೇರು ಮನೆಯಲ್ಲೇ ಇತ್ತು. 1990ರ ಆಗಸ್ಟ್‌ನಲ್ಲಿ ಇರಾಕ್ ಸೇನೆ ಕುವೈತಿಗೆ ನುಗ್ಗಿದಾಗ ತಂದೆ ಅಲ್ಲಿ ಕೆಲಸದಲ್ಲಿದ್ದರು. ಬಸ್ಸಿನಲ್ಲಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮರಳಿದ 1,70,000ಕ್ಕೂ ಹೆಚ್ಚು ಭಾರತೀಯರಲ್ಲಿ ಅವರೂ ಒಬ್ಬರು. ಅಷ್ಟು ಜನರನ್ನು ಕರೆತರಲು ಯಾವ ದೇಶ ಯಾರೊಡನೆ ಮಾತಾಡಿರಬೇಕು ಎಂಬ ಪ್ರಶ್ನೆ ಬಾಲ್ಯದಿಂದಲೂ ಇವರನ್ನು ಕಾಡುತ್ತಿತ್ತು.

ಮೊದಲ ಭೇಟಿಯಲ್ಲಿ ‘ಅರ್ಧಕ್ಕೆ ಬಿಟ್ಟವಳು ನಾನು’ ಎಂದು ಅವರು ಮತ್ತೆ ಮತ್ತೆ ಹೇಳಿದರು. ತಮ್ಮಿಂದಾಗಿ ಮಗಳ ಓದು ಕೆಟ್ಟಿತೆಂದು ತಂದೆಯೂ ಕೊರಗುತ್ತಿದ್ದರು. ಇಬ್ಬರೂ ಅದನ್ನು ಪರಸ್ಪರ ಹೇಳಿಕೊಂಡಿರಲಿಲ್ಲ. ಎರಡನೇ ಭೇಟಿಗೆ ತಂದೆಯನ್ನೂ ಕರೆಸಿದೆ. ‘ನನ್ನ ಔಷಧಿ ಖರ್ಚು ಹೇಗಾದರೂ ಆಗುತ್ತದೆ, ನೀನು ಓದು ಮಗಾ’ ಎಂದು ಅವರು ತೊದಲುತ್ತಲೇ ಹೇಳಿದ ಮೇಲೆ ನನ್ನ ಕೆಲಸ ಹಗುರವಾಯಿತು.

ಓದು ನಿಂತರೂ ಗಳಿಸಿದ್ದು ಕಳೆದಿಲ್ಲ ಎಂಬುದನ್ನು ದಾಖಲೆಯಲ್ಲೇ ತೋರಿಸಬೇಕಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರ ಡಿಸೆಂಬರಿನಲ್ಲಿ ಪದವಿ ಓದಿಗೆ ಹೊರಡಿಸಿದ ಚೌಕಟ್ಟಿನ ಪ್ರಕಾರ ಒಂದು ವರ್ಷಕ್ಕೆ 40 ಕ್ರೆಡಿಟ್ (ಓದಿನ ಪ್ರಮಾಣವನ್ನು ಅಳೆಯುವ ಘಟಕ) ಪಡೆದು ಹೊರಬಂದರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ 80 ಕ್ರೆಡಿಟ್ ಪಡೆದರೆ ಡಿಪ್ಲೊಮಾ ಸಿಗುತ್ತದೆ. ಎರಡಕ್ಕೂ 4 ಕ್ರೆಡಿಟ್‌ಗಳ ಕೌಶಲ ತರಬೇತಿಯನ್ನು ಮುಗಿಸಿರಬೇಕು. ಹೊರಹೋದವರು ಮೂರು ವರ್ಷದೊಳಗೆ ಮರಳಬಹುದು, ಒಟ್ಟು ಏಳು ವರ್ಷದೊಳಗೆ ಪದವಿ ಮುಗಿಸಬಹುದು. ವಿಶ್ವವಿದ್ಯಾಲಯಗಳ ನಡುವೆ ಕ್ರೆಡಿಟ್ ಲೆಕ್ಕದಲ್ಲಿ ವ್ಯತ್ಯಾಸವಿರುವುದರಿಂದ, ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಆನ್‌ಲೈನ್‌ನಲ್ಲಿ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಲ್ಲಿ ತಮ್ಮ ಕ್ರೆಡಿಟ್‌ಗಳು ಸೇರಿವೆಯೇ ಎಂದು ಮೊದಲು ಪರಿಶೀಲಿಸಲು ಹೇಳಿದೆ. ಕರ್ನಾಟಕ ಸರ್ಕಾರ 2024–25ರಿಂದ ನಾಲ್ಕು ವರ್ಷದ ಪದವಿಯನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿದ ಕಾರಣ, ಹಳೆಯ ಪಠ್ಯಕ್ರಮದ ಪರೀಕ್ಷೆಗಳು ಎಂದಿನವರೆಗೆ ನಡೆಯುತ್ತವೆ ಎಂಬುದನ್ನು ಕುಲಸಚಿವರ ಕಚೇರಿಯಿಂದ ಲಿಖಿತವಾಗಿಯೇ ಪಡೆಯಬೇಕೆಂದು ಒತ್ತಿ ಹೇಳಿದೆ. ಬಾಯಿಮಾತು ನಂಬಿ ವರ್ಷ ಕಳೆದುಕೊಂಡ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ.

ಮುಂದಿನ ದಾರಿಯ ಬಗ್ಗೆ ನಾನು ಹೇಳಿದ್ದು ಕಡಿಮೆ. 1955ರಲ್ಲಿ ದೆಹಲಿಯಲ್ಲಿ ಆರಂಭವಾಗಿ ಮುಂದೆ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯ (ಜೆಎನ್‌ಯು) ಸೇರಿದ ಅಂತರರಾಷ್ಟ್ರೀಯ ಅಧ್ಯಯನ ಶಾಲೆ, ಪುದುಚೇರಿ ವಿಶ್ವವಿದ್ಯಾಲಯ, ಮಣಿಪಾಲ ಎಲ್ಲವನ್ನೂ ಅವರು ಆಗಲೇ ಪಟ್ಟಿ ಮಾಡಿದ್ದರು. ವಿದೇಶಾಂಗ ಸೇವೆಯ ಮಾತನ್ನು ಸದ್ಯಕ್ಕೆ ಬದಿಗಿಟ್ಟು ಐದನೇ ಸೆಮಿಸ್ಟರನ್ನಷ್ಟೇ ಗುರಿಯಾಗಿಸಿಕೊಳ್ಳುವಂತೆ ಕೇಳಿಕೊಂಡೆ. ಐದು ವರ್ಷದ ಭಾರವನ್ನು ಒಮ್ಮೆಲೇ ಹೊರಲು ಹೋದದ್ದೇ ಅವರ ನಿದ್ರೆ ಕೆಡಲು ಮುಖ್ಯ ಕಾರಣ ಎಂಬುದು ನನ್ನ ಅಂದಾಜು.

ಕನ್ನಡ ಮಾಧ್ಯಮದಲ್ಲಿ ಓದಿದ ಅವರಿಗೆ ಇಂಗ್ಲಿಷಿನ ಅಂಜಿಕೆ ನಿಜವಾದ ತೊಡಕಾಗಿತ್ತು. ಲೋಕಸಭೆಯಲ್ಲಿ ಕೊಲ್ಲಿ ಕಾರ್ಮಿಕರ ಬಗ್ಗೆ ವಿದೇಶಾಂಗ ಸಚಿವಾಲಯ ಕೊಡುವ ಉತ್ತರಗಳನ್ನು ವಾರಕ್ಕೆ ಒಂದರಂತೆ ಓದಿ, ಮೊದಲು ಕನ್ನಡದಲ್ಲಿ, ನಂತರ ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆಯಲು ಸೂಚಿಸಿದೆ. ಕಚೇರಿಯಲ್ಲಿ ನಿತ್ಯ ನೋಡುವ ವಿಷಯವೇ ಆದ್ದರಿಂದ ಅದು ಅವರಿಗೆ ಹಿಡಿಸಿತು.

ಆ ವರ್ಷವೇ ಅವರು ಐದನೇ ಸೆಮಿಸ್ಟರಿಗೆ ಮರುಪ್ರವೇಶ ಪಡೆದರು. ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಂಡಿದ್ದಾರೆ. ನಿದ್ರೆ ಸುಧಾರಿಸಿದೆ. ಇಂಗ್ಲಿಷಿನ ಅಂಜಿಕೆ ಪೂರ್ತಿ ಹೋಗಿಲ್ಲ. ತಿಂಗಳಿಗೊಮ್ಮೆ ತಮ್ಮ ಬರಹಗಳನ್ನು ಹಿಡಿದು ಬರುತ್ತಾರೆ.